ಒಂದು ಜೋಳದ ಚೀಲ, ಐದು ಹುಳ: ವಿಜಯಪುರ ಜಿಲ್ಲೆಯ ಒಂದು ಮನೆಯ ಪ್ರಕರಣ ಅಧ್ಯಯನ

ಡೋಣಿ ಹೊಳೆಯ ದಂಡೆಯ ಎರೆ ಹೊಲದಲ್ಲಿ ಬೆಳೆದ ಹಿಂಗಾರಿ ಬಿಳಿಜೋಳ. ತಳಿ ಎಂ 35-1, ಊರ ಮಾತಿನಲ್ಲಿ ಮಾಲದಂಡಿ. ಒಂದೇ ಕಣದಲ್ಲಿ ರಾಶಿಯಾದ ಕಾಳು ಮನೆಗೆ ಬಂದ ಮೇಲೆ ಎರಡು ಪಾಲಾಯಿತು. ನಾಲ್ಕು ಕ್ವಿಂಟಲ್ ಗೋಣಿಚೀಲ ಸೇರಿ ಪಡಸಾಲೆಯ ಮೂಲೆಯಲ್ಲಿ, ಗೋಡೆಗೆ ಆನಿಸಿ, ಹಲಗೆಯ ಮೇಲೆ ಕೂತಿತು. ಉಳಿದ ಒಂದೂವರೆ ಕ್ವಿಂಟಲ್ 200 ಲೀಟರಿನ ತಗಡಿನ ಬ್ಯಾರೆಲ್ಲಿಗೆ ಹೋಯಿತು; ಬ್ಯಾರೆಲ್ಲು ಹಿತ್ತಲಿನ ಪತ್ರಾಸ್ (ತಗಡಿನ ಚಾವಣಿ) ಶೆಡ್ಡಿನಲ್ಲಿತ್ತು. ಮಾರ್ಚ್‌ನಲ್ಲಿ ತುಂಬಿದ್ದು ಇದು. ಮುಂದಿನ ಸಂಕ್ರಾಂತಿಯ ಹೊತ್ತಿಗೆ ಗೋಣಿಚೀಲಗಳಲ್ಲಿ ಐದು ಜಾತಿಯ ಹುಳ ಬದುಕಿದ್ದವು. ಬ್ಯಾರೆಲ್ಲಿನಲ್ಲಿ ಒಂದೇ ಒಂದು ಜಾತಿ ಉಳಿದಿತ್ತು.

ಕಾಳು ಅದೇ, ಮನೆ ಅದೇ. ಹಾಗಿದ್ದೂ ಹೀಗೇಕೆ ಎನ್ನುವುದು ಈ ಪ್ರಕರಣದ ಪ್ರಶ್ನೆ. ಕಾಡು, ಹುಲ್ಲುಗಾವಲು, ಕೆರೆಗಳಲ್ಲಿ ಪೈಪೋಟಿಯ ಜೀವಿಗಳು ಹೇಗೆ ಒಟ್ಟಿಗೆ ಬಾಳುತ್ತವೆ ಎಂದು ಪರಿಸರ ವಿಜ್ಞಾನ ಕೇಳುವ ಪ್ರಶ್ನೆಯೂ ಇದೇ. ಚೀಲದಲ್ಲಾದರೆ ಅದನ್ನು ಕೈಯಲ್ಲಿ ಹಿಡಿದು ನೋಡಬಹುದು. 1934ರಲ್ಲಿ ರಷ್ಯದ ವಿಜ್ಞಾನಿ ಗಾಸ್ ಎರಡು ಜಾತಿಯ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗಳನ್ನು ಒಂದೇ ಗಾಜಿನ ಕೊಳವೆಯಲ್ಲಿ ಒಂದೇ ಆಹಾರದ ಮೇಲೆ ಬೆಳೆಸಿದಾಗ ಒಂದು ಇನ್ನೊಂದನ್ನು ಪೂರ್ತಿ ಅಳಿಸಿಹಾಕಿತು. ಆ ಲೆಕ್ಕದಲ್ಲಿ ಬ್ಯಾರೆಲ್ಲಿನಲ್ಲಿ ಆದದ್ದು ಸಹಜ. ಬೆರಗಾಗಬೇಕಾದದ್ದು ಗೋಣಿಚೀಲವನ್ನು ನೋಡಿ.

ಚೀಲದೊಳಗೆ ಯಾರಿದ್ದರು

ಮನೆಯವರು ಎಲ್ಲಕ್ಕೂ "ನುಸಿ" ಅನ್ನುತ್ತಿದ್ದರು. ಆದರೆ ದಿನಾ ಕಾಳು ಹಸನು ಮಾಡುವ ಕೈಗೆ ವ್ಯತ್ಯಾಸ ಗೊತ್ತಿತ್ತು. "ಮ್ಯಾಲ ಪಾತರಗಿತ್ತಿ ಹಾರತಾವ್ರಿ, ನಡುವ ಕರೀ ನುಸಿ, ತಳಕ್ಕ ಬರೇ ಹಿಟ್ಟ" ಎಂದು ಮನೆಯ ಹಿರಿಯ ಹೆಣ್ಣುಮಗಳು ಹೇಳಿದ್ದು ಅರ್ಧ ಉತ್ತರವೇ ಆಗಿತ್ತು.

ಕರೀ ನುಸಿ ಎಂದರೆ ಸೊಂಡಿಲ ಹುಳ, ಸೈಟೊಫಿಲಸ್ ಒರೈಝೆ. ಹೆಣ್ಣು ತನ್ನ ಸೊಂಡಿಲಿನಿಂದ ಕಾಳಿಗೆ ತೂತು ಕೊರೆದು, ಒಂದು ಮೊಟ್ಟೆ ಇಟ್ಟು, ಅಂಟಿನಂಥ ಬಿರಡೆಯಿಂದ ಮುಚ್ಚುತ್ತದೆ. ಮರಿ ಕಾಳಿನೊಳಗೇ ಬೆಳೆದು ಸುಮಾರು ಐದು ವಾರಕ್ಕೆ ಹೊರಬರುತ್ತದೆ. ಎರಡನೆಯದು ರೈಝೊಪರ್ತಾ ಡೊಮಿನಿಕಾ. ಇಲ್ಲಿ ಅದನ್ನು ಕೊರಕ ಎನ್ನೋಣ. ಎರಡು ಮೂರು ಮಿಲಿಮೀಟರ್ ಉದ್ದ, ಉರುಳೆಯಾಕಾರ, ತಲೆ ಕೆಳಗೆ ಬಾಗಿ ಮೇಲಿನಿಂದ ಕಾಣುವುದೇ ಇಲ್ಲ. ಮೊಟ್ಟೆಯನ್ನು ಕಾಳಿನ ಹೊರಗೆ ಇಡುತ್ತದೆ, ಮರಿ ಕೊರೆದು ಒಳಹೋಗುತ್ತದೆ. ದೊಡ್ಡ ಹುಳವೂ ಕೊರೆಯುತ್ತಲೇ ಇರುವುದರಿಂದ ಇದು ಇದ್ದ ಕಡೆ ಹಿಟ್ಟಿನ ಪುಡಿ ಬಹಳ. ಮೂರನೆಯದು ಕಾಳಿನ ಪತಂಗ, ಸೈಟೊಟ್ರೋಗಾ ಸಿರಿಯಲೆಲ್ಲಾ. ಹೊಲದಲ್ಲಿ ತೆನೆಯ ಮೇಲೆಯೇ ಹತ್ತಿ ಬರುತ್ತದೆ. ರೆಕ್ಕೆ ಬಂದ ಪತಂಗ ಏನನ್ನೂ ತಿನ್ನುವುದಿಲ್ಲ. ಒಂದೆರಡು ವಾರದಲ್ಲಿ ಮೊಟ್ಟೆ ಇಟ್ಟು ಸಾಯುತ್ತದೆ.

ಉಳಿದ ಎರಡು ಗಟ್ಟಿ ಕಾಳನ್ನು ಒಡೆಯಲಾರವು. ಕೆಂಪು ಹಿಟ್ಟುಹುಳ ಅಂದರೆ ಟ್ರೈಬೋಲಿಯಂ ಕ್ಯಾಸ್ಟೇನಿಯಂ, ಮತ್ತು ಕತ್ತಿನ ಎರಡೂ ಬದಿಗೆ ಆರಾರು ಹಲ್ಲುಳ್ಳ ಚಪ್ಪಟೆ ಗರಗಸದ ದುಂಬಿ, ಒರೈಝೀಫಿಲಸ್ ಸುರಿನಾಮೆನ್ಸಿಸ್. ಇವು ನುಚ್ಚು, ಹಿಟ್ಟು, ಒಡೆದ ಕಾಳಿನ ಮೇಲೆ ಬದುಕುತ್ತವೆ. ಹೊಸ ರಾಶಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹಳೆಯ ಚೀಲದ ಹೊಲಿಗೆ, ಹಿಟ್ಟಿನ ಡಬ್ಬಿ, ಗಿರಣಿಗೆ ಹೋಗಿಬಂದ ಪಾತ್ರೆಗಳಿಂದ ಸೇರಿಕೊಳ್ಳುತ್ತವೆ. ಈ ಸಂಗತಿ ಮುಂದೆ ಬ್ಯಾರೆಲ್ಲಿನ ವಿಷಯಕ್ಕೆ ಬೇಕಾಗುತ್ತದೆ.

ನೋಡಿದ ರೀತಿ

ಚೀಲಕ್ಕೆ ಚುಚ್ಚುವ ಟೊಳ್ಳು ಕೊಳವೆಯಿಂದ ಮೇಲು, ನಡು, ತಳ ಮೂರು ಕಡೆಯಿಂದ ಅರ್ಧರ್ಧ ಕಿಲೋ ಕಾಳು ತೆಗೆದು, ಮೂರನ್ನೂ ಬೇರೆ ಬೇರೆ ಇಡಬೇಕು. ಎಲ್ಲರೂ ತಪ್ಪುವುದು ಇಲ್ಲೇ. ಮೂರನ್ನೂ ಒಂದೇ ಮೊರಕ್ಕೆ ಸುರಿದರೆ ಐದು ಹುಳ ಒಂದೇ ಜಾಗದಲ್ಲಿ ಬದುಕುತ್ತಿರುವಂತೆ ಕಾಣುತ್ತದೆ. ಆಮೇಲೆ ಯಾವ ಲೆಕ್ಕ ಹಾಕಿದರೂ ಒಗಟು ಬಿಡಿಸಲಾಗದು.

ಪ್ರತಿ ಪಾಲನ್ನೂ 2 ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಬಿಳಿ ಹಾಳೆಯ ಮೇಲೆ ಸಾಣಿಸಿದರೆ ದೊಡ್ಡ ಹುಳ, ಹಿಟ್ಟುಹುಳದ ಮರಿ, ಪುಡಿ ಕೆಳಗೆ ಬೀಳುತ್ತವೆ. ಆದರೆ ಜರಡಿಯನ್ನಷ್ಟೇ ನಂಬುವ ಹಾಗಿಲ್ಲ. ಸೊಂಡಿಲ ಹುಳ, ಪತಂಗ, ಕೊರಕ ಮೂರರ ಮರಿಗಳೂ ಕಾಳಿನೊಳಗಿರುತ್ತವೆ, ಹಿಟ್ಟುಹುಳದ ಮರಿ ಹೊರಗಿರುತ್ತದೆ. ಹಾಗಾಗಿ ಜರಡಿ ಯಾವಾಗಲೂ ಹಿಟ್ಟುಹುಳವನ್ನು ಹೆಚ್ಚು ತೋರಿಸಿ ಉಳಿದವನ್ನು ಮುಚ್ಚಿಡುತ್ತದೆ. ಸಾಣಿಸಿದ ಕಾಳನ್ನು ಗಾಜಿನ ಬಾಟಲಿಗೆ ಅರ್ಧಕ್ಕಿಂತ ಕಡಿಮೆ ತುಂಬಿ, ಬಾಯಿಗೆ ತೆಳು ಮಲಮಲ್ ಬಟ್ಟೆ ಕಟ್ಟಿ, ನೆರಳಿನಲ್ಲಿ ಆರು ವಾರ ಇಡಬೇಕು. ಮುಚ್ಚಳ ಹಾಕಿದರೆ ಕಾಳಿನ ಉಸಿರಿನ ತೇವಕ್ಕೆ ಬೂಸು ಹತ್ತಿ ಎಲ್ಲ ಕೆಡುತ್ತದೆ. ಹೊರಬಂದ ಹುಳವನ್ನು ವಾರಕ್ಕೊಮ್ಮೆ ತೆಗೆಯದಿದ್ದರೆ ಎರಡನೇ ಪೀಳಿಗೆ ಹುಟ್ಟಿ ಲೆಕ್ಕ ಕಲಸುತ್ತದೆ. ಬಾಟಲಿಯಲ್ಲಿ ಒಂದು ಹಿಟ್ಟುಹುಳವನ್ನೂ ಬಿಡಬಾರದು. ಅದು ತನ್ನ ಮೊಟ್ಟೆ, ಕೋಶಗಳನ್ನೇ (ಮರಿ ದೊಡ್ಡ ಹುಳವಾಗುವ ನಡುವಿನ ಹಂತ) ತಿನ್ನುತ್ತದೆ, ಬೇರೆಯವರದ್ದನ್ನು ಬಿಡುತ್ತದೆಯೇ?

ತೂತು ನೋಡಿಯೂ ಬಹಳಷ್ಟು ಹೇಳಬಹುದು. ಪತಂಗ ಹೊರಬಂದ ತೂತು ಗುಂಡಗೆ, ಅಂಚಿನಲ್ಲಿ ತೆಳು ಸಿಪ್ಪೆಯ ಮುಚ್ಚಳ ನೇತಾಡುತ್ತಿರುತ್ತದೆ. ಸೊಂಡಿಲ ಹುಳದ್ದು ಅಂಚು ಮುರಿದ ಸಣ್ಣ ತೂತು. ಕೊರಕ ತಿಂದ ಕಾಳಿನಲ್ಲಿ ಕೊನೆಗೆ ಸಿಪ್ಪೆ ಮಾತ್ರ ಉಳಿಯುತ್ತದೆ.

ತೇವದ ಅಂದಾಜಿಗೆ ಯಂತ್ರವಿಲ್ಲದಿದ್ದರೆ ಒಣ ಉಪ್ಪು ಸಾಕು. ಒಣ ಬಾಟಲಿಯಲ್ಲಿ ಒಂದು ಹಿಡಿ ಕಾಳು, ಒಂದು ಚಮಚ ಒಣ ಉಪ್ಪು ಹಾಕಿ ಕುಲುಕಿ ಹತ್ತು ಹದಿನೈದು ನಿಮಿಷ ಬಿಟ್ಟಾಗ ಉಪ್ಪು ಗಾಜಿಗೆ ಅಂಟಿದರೆ ತೇವ ಸುಮಾರು 15 ಪ್ರತಿಶತಕ್ಕಿಂತ ಮೇಲಿದೆ. ಅಂಟದಿದ್ದರೆ ಕೆಳಗಿದೆ ಎಂದಷ್ಟೇ. 9 ಇದೆಯೋ 13 ಇದೆಯೋ ಅದು ಹೇಳದು. ಈ ಪ್ರಕರಣಕ್ಕೆ ಆ ಅಂತರವೇ ಮುಖ್ಯವಾದ್ದರಿಂದ ತೇವದ ಮೀಟರ್ ಇದ್ದರೆ ಒಳ್ಳೆಯದು.

ಗೋಣಿಚೀಲದ ಒಳಗಿನ ಜಾಗ ಒಂದಲ್ಲ

ಪತಂಗ ಮೇಲಿನ ಕೆಲವೇ ಇಂಚಿನಲ್ಲಿತ್ತು. ಮೆದು ಮೈ, ದೊಡ್ಡ ರೆಕ್ಕೆ. ಒತ್ತಿದ ಕಾಳಿನ ನಡುವೆ ನುಸುಳಿ ಆಳಕ್ಕೆ ಇಳಿಯಲು ಅದಕ್ಕೆ ಆಗುವುದಿಲ್ಲ. ಕೊರಕ ಆಳಕ್ಕೆ ಇಳಿಯುತ್ತದೆ. ನಡುಭಾಗದಲ್ಲಿ ಅದರದ್ದೇ ಕಾರುಬಾರು. ಸೊಂಡಿಲ ಹುಳ ಗೋಡೆಗೆ ತಾಗಿದ ಮಗ್ಗುಲಲ್ಲಿ, ತಳದಲ್ಲಿ ಸೇರಿತ್ತು, ಅದೂ ಮಳೆಗಾಲದಲ್ಲಿ. ಕಾರಣ ತೇವ. ಕಾಳಿನ ತೇವ 10 ಪ್ರತಿಶತದ ಆಸುಪಾಸಿಗೆ ಇಳಿದರೆ ಸೊಂಡಿಲ ಹುಳದ ಸಂತಾನ ಹೆಚ್ಚುಕಡಿಮೆ ನಿಲ್ಲುತ್ತದೆ. ಕೊರಕ ಅಂಥ ಒಣ ಕಾಳಿನಲ್ಲೂ ಮರಿ ಮಾಡುತ್ತದೆ. ಹಿಟ್ಟುಹುಳ ಪುಡಿ ಇಳಿದು ಕೂತ ತಳದಲ್ಲಿ. ಗರಗಸದ ದುಂಬಿ ಚೀಲದ ಹೊಲಿಗೆಯ ಸಂದಿಯಲ್ಲಿ, ಹಿಟ್ಟುಹುಳದ ಬಾಯಿಗೆ ಸಿಗದ ಕಡೆ.

ಕೊನೆಯ ಈ ಮಾತು ಸಣ್ಣದಲ್ಲ. 1940ರ ದಶಕದಲ್ಲಿ ಕ್ರಾಂಬಿ ಎಂಬ ವಿಜ್ಞಾನಿ (ಮುಂದೆ ಆತ ವಿಜ್ಞಾನದ ಇತಿಹಾಸಕಾರನಾಗಿ ಹೆಸರು ಮಾಡಿದ) ಇದೇ ಹುಳಗಳನ್ನು ಜೋಡಿ ಜೋಡಿಯಾಗಿ ಸಾಕಿ ನೋಡಿದ್ದ. ಬರೀ ಹಿಟ್ಟಿನಲ್ಲಿ ಒಂದು ಟ್ರೈಬೋಲಿಯಂ ಜಾತಿ ಗರಗಸದ ದುಂಬಿಯನ್ನು ಅಳಿಸಿತು. ಅದೇ ಹಿಟ್ಟಿಗೆ ಸಣ್ಣ ಗಾಜಿನ ಕೊಳವೆಯ ತುಂಡುಗಳನ್ನು ಹಾಕಿದಾಗ ಎರಡೂ ಉಳಿದವು: ದುಂಬಿಯ ಮರಿ ಕೊಳವೆಯೊಳಗೆ ಹೊಕ್ಕು ಕೋಶವಾಗುತ್ತಿತ್ತು, ದೊಡ್ಡ ಟ್ರೈಬೋಲಿಯಂ ಒಳಗೆ ಹಿಡಿಸುತ್ತಿರಲಿಲ್ಲ. ಇಲ್ಲಿ ಆ ಕೊಳವೆಯ ಕೆಲಸವನ್ನು ಗೋಣಿಯ ಹೊಲಿಗೆ ಮಾಡಿತು. ಕ್ರಾಂಬಿಯ ಗೋಧಿಯಲ್ಲಿ ಕೊರಕ ಮತ್ತು ಗರಗಸದ ದುಂಬಿ ಒಟ್ಟಿಗೆ ಉಳಿದವು, ಒಂದರ ಮರಿ ಕಾಳಿನ ಒಳಗೆ, ಇನ್ನೊಂದರದ್ದು ಹೊರಗೆ. ಕೊರಕ ಮತ್ತು ಪತಂಗ ಒಟ್ಟಿಗೆ ಉಳಿಯಲಿಲ್ಲ. ಎರಡರ ಮರಿಗೂ ಕಾಳಿನ ಒಳಗೇ ಬೇಕು, ಸೋತದ್ದು ಪತಂಗ.

ಹಾಗಾದರೆ ನಮ್ಮ ಚೀಲದಲ್ಲಿ ಪತಂಗ ಹೇಗೆ ಉಳಿಯಿತು? ಒಂದು, ಆಳದ ಪೈಪೋಟಿ ಮೇಲಿನ ಪದರಿಗೆ ಪೂರ್ತಿ ತಟ್ಟಲಿಲ್ಲ. ಎರಡು, ಚೀಲದ ಬಾಯಿ ತೆರೆದೇ ಇತ್ತು. ಊರಲ್ಲಿ ಪತಂಗಕ್ಕೇನು ಬರವೇ, ಪಕ್ಕದ ಮನೆಯ ಕಾಳಿನಿಂದ ಹಾರಿ ಬರುತ್ತಲೇ ಇತ್ತು. ಹೊರಗಿನ ಆವಕ ನಿಂತಿದ್ದರೂ ಉಳಿಯುತ್ತಿತ್ತೇ ಎಂಬುದನ್ನು ಚೀಲ ನೋಡಿ ಹೇಳಲಾಗದು. ಆವಕದ ಬಲದಿಂದ ಕಾಣಿಸಿಕೊಳ್ಳುವುದನ್ನೂ ತನ್ನ ಬಲದಿಂದ ನೆಲೆ ನಿಲ್ಲುವುದನ್ನೂ ಒಂದೇ ಎಂದು ಎಣಿಸುವುದು ಇಂಥ ಅಧ್ಯಯನಗಳಲ್ಲಿ ಪದೇ ಪದೇ ಕಾಣುವ ದೋಷ.

ಮೂರು ಡಿಗ್ರಿಯ ಅಂತರ

ಸೊಂಡಿಲ ಹುಳ ಮತ್ತು ಕೊರಕದ ಜಗಳ ಹೆಚ್ಚು ತಾಳ್ಮೆಯಿಂದ ನೋಡಬೇಕಾದದ್ದು, ಏಕೆಂದರೆ ಇವೆರಡೂ ನಡುಪದರಿನಲ್ಲಿ ಎದುರುಬದುರಾಗುತ್ತವೆ. 1953ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿ ಬರ್ಚ್ 14 ಪ್ರತಿಶತ ತೇವದ ಗೋಧಿಯಲ್ಲಿ ಇವೆರಡನ್ನೂ ಕೂಡಿ ಸಾಕಿದ. 29.1 ಡಿಗ್ರಿಯಲ್ಲಿ ಸೊಂಡಿಲ ಹುಳ ಕೊರಕವನ್ನು ಹೊರದೂಡಿತು. 32.3 ಡಿಗ್ರಿಯಲ್ಲಿ ಕೊರಕವೇ ಸೊಂಡಿಲ ಹುಳವನ್ನು ಅಳಿಸಿತು.

ವಿಜಯಪುರದ ವರ್ಷವನ್ನು ಈ ಎರಡು ಅಂಕಿಗಳ ಪಕ್ಕ ಇಟ್ಟು ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ದಾಟುತ್ತದೆ, ಪಡಸಾಲೆಯ ಕಾಳೂ 32ಕ್ಕಿಂತ ಮೇಲೆ ಹೋಗುತ್ತದೆ, ಒಣಗುತ್ತದೆ; ಕೊರಕದ ಕಾಲ. ಮಿರಗದ ಮಳೆ ಬಿದ್ದು ಮೋಡ ಕವಿದ ಮೇಲೆ ಕಾಳು ತಂಪಾಗಿ, ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ. ಶ್ರಾವಣದಿಂದ ದೀಪಾವಳಿಯ ತನಕ ಸೊಂಡಿಲ ಹುಳದ್ದು. ಚಳಿಯಲ್ಲಿ ಎರಡೂ ನಿಧಾನ. ಒಬ್ಬರು ಗೆದ್ದು ಮುಗಿಸುವ ಮೊದಲೇ ಕಾಲ ತಿರುಗುತ್ತದೆ.

ಇಷ್ಟಕ್ಕೇ ನಿಲ್ಲಿಸುವುದು ಸುಲಭ, ಆದರೆ ಸಾಲದು. ಕಾಲ ಬದಲಾಗುವುದೊಂದೇ ಸಾಲುವುದಾದರೆ, ವರ್ಷದ ಒಟ್ಟು ಲೆಕ್ಕದಲ್ಲಿ ಸ್ವಲ್ಪ ಮೇಲಿರುವ ಜಾತಿ ನಿಧಾನವಾಗಿಯಾದರೂ ಇನ್ನೊಂದನ್ನು ಮುಗಿಸಬೇಕಿತ್ತು. ಇನ್ನೆರಡು ಸಂಗತಿ ಬೇಕು. ಕೆಟ್ಟ ಕಾಲವನ್ನು ಕಳೆಯಲು ಇಡುಗಂಟು ಬೇಕು: ಸೊಂಡಿಲ ಹುಳ ತಿಂಗಳುಗಟ್ಟಲೆ ಬದುಕುತ್ತದೆ, ಬೇಸಿಗೆಯಲ್ಲಿ ಮೊಟ್ಟೆ ಇಡದಿದ್ದರೂ ಗೋಡೆಯ ಮಗ್ಗುಲ ತಂಪಿನಲ್ಲಿ ಕಾಯುತ್ತದೆ. ಜೊತೆಗೆ, ಒಳ್ಳೆಯ ಕಾಲದಲ್ಲಿ ಕಡಿಮೆ ಸಂಖ್ಯೆಯಲ್ಲಿದ್ದವನಿಗೆ ಲಾಭ ಹೆಚ್ಚಿರಬೇಕು. ಜೋಳದ ಕಾಳು ಸಣ್ಣದು. ಒಂದು ಕಾಳಿನಿಂದ ಸಾಮಾನ್ಯವಾಗಿ ಒಂದೇ ಸೊಂಡಿಲ ಹುಳ ಹೊರಬರುತ್ತದೆ. ಹುಳ ಹೆಚ್ಚಿದಷ್ಟೂ ತನ್ನವರ ಮರಿಗಳೇ ಒಂದೇ ಕಾಳಿಗೆ ಬಡಿದಾಡುತ್ತವೆ. ಕಡಿಮೆ ಇದ್ದಾಗ ಪ್ರತಿ ಮರಿಗೂ ಒಂದೊಂದು ಕಾಳು. ಚೆಸನ್ ಮತ್ತು ವಾರ್ನರ್ ಎಂಬ ವಿಜ್ಞಾನಿಗಳು 1981ರಲ್ಲಿ ಇದಕ್ಕೆ ಗಣಿತದ ರೂಪ ಕೊಟ್ಟರು. ಒಟ್ಟು ಷರತ್ತು ಇಷ್ಟು: ಪ್ರತಿಯೊಂದು ಜಾತಿಗೂ ಬೇರೆಯವರ ಕಾಟಕ್ಕಿಂತ ತನ್ನವರ ಕಾಟವೇ ಹೆಚ್ಚಿರಬೇಕು.

ಪುಡಿ, ಜರಡಿ, ಕಣಜದ ಹುಳ

ಹಿಟ್ಟುಹುಳಕ್ಕೆ ಕೊರಕ ಪ್ರತಿಸ್ಪರ್ಧಿಯಲ್ಲ, ಅನ್ನದಾತ. ಕೊರಕ ಉದುರಿಸಿದ ಪುಡಿಯೇ ಅದರ ಊಟ. ಪುಡಿ ಹೆಚ್ಚಾದಂತೆ ಹಿಟ್ಟುಹುಳ ಹೆಚ್ಚಿ, ಪುಡಿಯಲ್ಲಿ ಬಿದ್ದಿರುವ ಕೊರಕದ ಮೊಟ್ಟೆಗಳಿಗೂ ಬಾಯಿ ಹಾಕುತ್ತದೆ. ಸೊಂಡಿಲ ಹುಳದ ಮೊಟ್ಟೆ ಕಾಳಿನೊಳಗೆ ಬಿರಡೆಯ ಹಿಂದೆ ಇರುವುದರಿಂದ ಅದಕ್ಕೆ ಈ ಭಯ ಕಡಿಮೆ. ಅಂದರೆ ಕೊರಕ ಮಿತಿ ಮೀರಿದಾಗ ಅದಕ್ಕೆ ಕಡಿವಾಣ ಹಾಕುವ ಹುಳವನ್ನು ಅದೇ ಸಾಕುತ್ತದೆ.

ಮನೆಯವರ ಪದ್ಧತಿಯೂ ಇದರಲ್ಲಿ ಸೇರಿತ್ತು. ವಾರಕ್ಕೊಮ್ಮೆ ರೊಟ್ಟಿಯ ಹಿಟ್ಟಿಗೆ ಕಾಳು ತೆಗೆಯುವಾಗ ಚೀಲದ ಮೇಲ್ಭಾಗವನ್ನು ಸಾಣಿಸಿ, ಕೇರಿ, ಅಂಗಳದ ಬಿಸಿಲಿಗೆ ಹರವಿ, ಉಳಿದದ್ದನ್ನು ಮತ್ತೆ ತುಂಬುತ್ತಿದ್ದರು. ಪ್ರತಿ ಸಲವೂ ಪುಡಿ, ದೊಡ್ಡ ಹುಳ ಹೋಗುತ್ತಿತ್ತು, ಕಾಳಿನೊಳಗಿನ ಮರಿ ಉಳಿಯುತ್ತಿತ್ತು. ಯಾವುದು ಹೆಚ್ಚಿತ್ತೋ ಅದಕ್ಕೇ ಹೆಚ್ಚು ಪೆಟ್ಟು.

ಇನ್ನೊಂದು ಜೀವಿಯನ್ನು ಮನೆಯವರು ಸೊಳ್ಳೆ ಅಂದುಕೊಂಡಿದ್ದರು. ಅದು ಅನೈಸೊಪ್ಟೆರೊಮಾಲಸ್ ಕಲಾಂಡ್ರೆ ಎಂಬ ಸಣ್ಣ ಕಣಜದ ಹುಳ. ಕಾಳಿನೊಳಗೆ ಬೆಳೆಯುತ್ತಿರುವ ಮರಿಯನ್ನು ಹುಡುಕಿ, ಸೂಜಿ ಚುಚ್ಚಿ, ಅದರ ಮೇಲೆ ಮೊಟ್ಟೆ ಇಡುತ್ತದೆ. 2012ರಲ್ಲಿ ಜಪಾನಿನ ಇಶೀ ಮತ್ತು ಶಿಮಾದಾ ಇದೇ ಕಣಜವನ್ನು ಎರಡು ಜಾತಿಯ ಬೇಳೆಕಾಳಿನ ದುಂಬಿಗಳೊಂದಿಗೆ ಬಿಟ್ಟರು. ಕಣಜವಿಲ್ಲದೆ ಒಂದು ದುಂಬಿ ಅಳಿಯಿತು. ಕಣಜವಿದ್ದಾಗ ಎರಡೂ ಎರಡು ವರ್ಷಕ್ಕೂ ಹೆಚ್ಚು ಕಾಲ ಉಳಿದವು. ಕಣಜ ಕಲಿಯುತ್ತದೆ: ಯಾವ ದುಂಬಿಯ ಮರಿ ಹೆಚ್ಚು ಸಿಗುತ್ತಿದೆಯೋ ಅದರ ವಾಸನೆಗೆ ಒಗ್ಗಿ ಅದನ್ನೇ ಬೇಟೆಯಾಡುತ್ತದೆ, ಅಪರೂಪದ್ದು ಬದುಕಿಕೊಳ್ಳುತ್ತದೆ. ಜೋಳದ ಚೀಲದಲ್ಲೂ ಅದು ಹಾಗೇ ನಡೆದುಕೊಂಡಿತು ಎನ್ನಲು ಈ ಪ್ರಕರಣದಲ್ಲಿ ಆಧಾರವಿಲ್ಲ. ಮೇಲಿನ ಪದರಿನ ಕಾಳು ಇಟ್ಟ ಬಾಟಲಿಗಳಿಂದ ಕಣಜ ಹೊರಬಂತು, ಅಷ್ಟು ನಿಜ.

ಬ್ಯಾರೆಲ್ಲಿನಲ್ಲಿ ಏನಾಯಿತು

ಬ್ಯಾರೆಲ್ಲಿಗೆ ಹೋದದ್ದು ಹೊಲದಿಂದ, ಕಣದಿಂದ ಬಂದ ಮೂರೇ ಜಾತಿ: ಪತಂಗ, ಸೊಂಡಿಲ ಹುಳ, ಕೊರಕ. ಹಿಟ್ಟುಹುಳಕ್ಕೂ ಗರಗಸದ ದುಂಬಿಗೂ ಒಳಹೋಗುವ ದಾರಿಯೇ ಸಿಗಲಿಲ್ಲ. ಪತ್ರಾಸಿನ ಕೆಳಗೆ, ಕಾದ ತಗಡಿನೊಳಗೆ, ಕಾಳು ಮಳೆಗಾಲದಲ್ಲೂ ಒಣಗಿಯೇ ಇತ್ತು. ತೇವದ ಮಗ್ಗುಲು ಎಂಬುದು ಇರಲಿಲ್ಲ. ಸೊಂಡಿಲ ಹುಳ ಬೇಸಿಗೆಯಲ್ಲೇ ಮುಗಿಯಿತು. ಪತಂಗಕ್ಕೆ ಮೇಲಿನ ಪದರು ಇತ್ತು, ಆದರೆ ಹೊರಗಿನಿಂದ ಹೊಸಬರು ಬರಲಿಲ್ಲ, ಕೊರಕ ಮೇಲಕ್ಕೂ ಬಂತು. ಕ್ರಾಂಬಿಯ ಗೋಧಿಯ ಫಲಿತಾಂಶವೇ ಇಲ್ಲಿ ಮರುಕಳಿಸಿತು.

ಉಳಿದ ಕೊರಕಕ್ಕೆ ಮೊಟ್ಟೆ ತಿನ್ನುವ ಹಿಟ್ಟುಹುಳವಿಲ್ಲ, ಕಣಜವಿಲ್ಲ, ವಾರದ ಜರಡಿಯಿಲ್ಲ. ಮುಚ್ಚಳ ತೆಗೆದಾಗ ಸಿಹಿ ಮುಗ್ಗಲು ವಾಸನೆ, ಕೈ ಹಾಕಿದರೆ ಮಣಿಕಟ್ಟಿನವರೆಗೆ ಹಿಟ್ಟು. ಜಾತಿ ಐದಿದ್ದ ಚೀಲಕ್ಕಿಂತ ಒಂದೇ ಇದ್ದ ಬ್ಯಾರೆಲ್ಲಿನ ಕಾಳು ಹೆಚ್ಚು ಹಾಳಾಗಿತ್ತು. "ಹುಳದ ಬಗೆ ಕಡಿಮೆ ಆದರೆ ನಷ್ಟವೂ ಕಡಿಮೆ" ಎಂಬ ಎಣಿಕೆ ತಪ್ಪು.

ಮುಚ್ಚಳ ಬಿಗಿಯಾಗಿದ್ದರೂ ಗಾಳಿ ಪೂರ್ತಿ ನಿಂತಿರಲಿಲ್ಲ ಎಂಬುದೂ ಗೊತ್ತಿರಲಿ. ನಿಂತಿದ್ದರೆ ಹುಳಗಳ ಉಸಿರಿಗೇ ಒಳಗಿನ ಆಮ್ಲಜನಕ ತೀರಿ ಎಲ್ಲವೂ ಸಾಯುತ್ತಿದ್ದವು. ಹಳೆಯ ಹಗೇವು (ಕಾಳು ತುಂಬಿಡುವ ನೆಲದೊಳಗಿನ ಗುಂಡಿ) ಕೆಲಸ ಮಾಡುತ್ತಿದ್ದದ್ದು ಈ ನಿಯಮದ ಮೇಲೆ. ತೆರೆದ ಕೂಡಲೇ ಹಗೇವಿಗೆ ಇಳಿದವರು ಉಸಿರುಗಟ್ಟಿ ಸಾಯುವುದೂ ಅದೇ ಕಾರಣಕ್ಕೆ. ಬಾಯಿ ತೆರೆದು ಗಾಳಿ ಚೆನ್ನಾಗಿ ಆಡುವ ತನಕ ಯಾರೂ ಇಳಿಯಬಾರದು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಒಟ್ಟಿಗೆ ಕಂಡವು ನಿಜವಾಗಿ ಒಟ್ಟಿಗೆ ಬಾಳುತ್ತವೆಯೇ ಎಂದು ತಿಳಿಯುವ ದಾರಿ ಒಂದೇ: ಪ್ರತಿಯೊಂದನ್ನೂ ಸರದಿಯಂತೆ ಅಲ್ಪಸಂಖ್ಯಾತನನ್ನಾಗಿ ಮಾಡಿ ನೋಡುವುದು. ಕಾಲೇಜಿನ ಹುಡುಗರೂ ಮಾಡಬಹುದು.

ಎರಡು ಕಿಲೋ ಜೋಳವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರಿಜ್ಜಿನ ಫ್ರೀಜರ್‌ನಲ್ಲಿ ಒಂದು ವಾರ ಇಟ್ಟರೆ ಒಳಗಿನ ಮರಿ, ಮೊಟ್ಟೆ ಸಾಯುತ್ತವೆ. ಹೊರತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಬಿಡಬೇಕು. ತಣ್ಣಗಿದ್ದಾಗಲೇ ಬಿಚ್ಚಿದರೆ ಕಾಳಿನ ಮೇಲೆ ನೀರು ಕೂರುತ್ತದೆ. ಆಮೇಲೆ ನೆರಳಿನಲ್ಲಿ ಒಂದು ವಾರ ಹರವಿ, ಎಂಟು ಬಾಟಲಿಗೆ 250 ಗ್ರಾಂ ತುಂಬಿ. ನಾಲ್ಕರಲ್ಲಿ 40 ಸೊಂಡಿಲ ಹುಳ, 10 ಕೊರಕ. ಉಳಿದ ನಾಲ್ಕರಲ್ಲಿ 40 ಕೊರಕ, 10 ಸೊಂಡಿಲ ಹುಳ. ಹತ್ತಕ್ಕಿಂತ ಕಡಿಮೆ ಬೇಡ, ಏಕೆಂದರೆ ಜೀವಂತ ಕೊರಕದಲ್ಲಿ ಗಂಡು ಹೆಣ್ಣು ಗುರುತಿಸುವುದು ಕಷ್ಟ. ಹತ್ತಿದ್ದರೆ ಎರಡೂ ಇರುವುದು ಹೆಚ್ಚುಕಡಿಮೆ ಖಚಿತ. ಸೊಂಡಿಲ ಹುಳದಲ್ಲಿ ಗಂಡಿನ ಸೊಂಡಿಲು ಗಿಡ್ಡ, ಒರಟು. ಹೆಣ್ಣಿನದು ಉದ್ದ, ನಯ. ಹುಳಗಳು ಹೊರಬಂದು ಎರಡು ವಾರದೊಳಗಿನವಾಗಿರಲಿ, ಮುದಿ ಹುಳ ಹಾಕಿದರೆ ಸೋಲು ಪೈಪೋಟಿಯದೋ ವಯಸ್ಸಿನದೋ ತಿಳಿಯದು.

ಎರಡೂ ಬಗೆಯಿಂದ ಅರ್ಧರ್ಧ ತೆಗೆದು ಪಡಸಾಲೆಯಲ್ಲೊಂದು ಗುಂಪು, ಪತ್ರಾಸಿನ ಕೆಳಗೆ ಇನ್ನೊಂದು ಗುಂಪು ಇಡಿ. ಹತ್ತು ಹನ್ನೆರಡು ವಾರದ ಮೇಲೆ ಎಣಿಸಿ. ಅಲ್ಪಸಂಖ್ಯಾತ ಜಾತಿಯ ಪಾಲು ಎರಡೂ ಬಗೆಯಲ್ಲಿ ಏರಿದರೆ ಆ ಜಾಗದಲ್ಲಿ ಅವು ಒಟ್ಟಿಗೆ ನಿಲ್ಲುತ್ತವೆ. ಒಂದರಲ್ಲಿ ಮಾತ್ರ ಏರಿದರೆ ಏರಿದ್ದೇ ಗೆಲ್ಲುವ ಜಾತಿ. ಎರಡರಲ್ಲೂ ಇಳಿದರೆ ಮೊದಲು ಬಂದು ನೆಲೆಯೂರಿದ್ದೇ ಗೆಲ್ಲುತ್ತದೆ. ಬಾಟಲಿಗಳ ಪಕ್ಕ ಕಡ್ಡಾಯವಾಗಿ ಒಂದು ಥರ್ಮಾಮೀಟರ್ ಇರಲಿ; ಮೂರು ಡಿಗ್ರಿಗೆ ಫಲ ತಿರುಗುವ ಪರೀಕ್ಷೆಯಲ್ಲಿ "ಬೆಚ್ಚಗಿತ್ತು" ಎಂಬ ಟಿಪ್ಪಣಿ ಕೆಲಸಕ್ಕೆ ಬಾರದು.

ಕಾಳು ಕಾಯುವ ಲೆಕ್ಕದಲ್ಲಿ

ಒಂದು ಹುಳಕ್ಕೆ ಗುರಿಯಿಟ್ಟ ಉಪಾಯ ಇನ್ನೊಂದಕ್ಕೆ ಬಾಗಿಲು ತೆರೆಯುತ್ತದೆ. ಕಾಳನ್ನು ಚೆನ್ನಾಗಿ ಒಣಗಿಸಿದರೆ ಸೊಂಡಿಲ ಹುಳ ಸೋಲುತ್ತದೆ, ಕೊರಕ ಉಳಿಯುತ್ತದೆ. ಇನ್ನೂ ಕಾದ, ಇನ್ನೂ ಒಣ ಜಾಗವಾದರೆ ಖಪ್ರಾ ಎಂಬ ದುಂಬಿ ಬರುತ್ತದೆ. ತೇವದ ಕಾಳಿನಲ್ಲಿ ಬೇರೆ ಹುಳಗಳೆದುರು ಸೋಲುವ ಇದರ ಕೂದಲು ಮೈಯ ಮರಿ, ಗೋಡೆಯ ಬಿರುಕಿನಲ್ಲಿ ಊಟವಿಲ್ಲದೆ ವರ್ಷಗಟ್ಟಲೆ ಮಲಗಿರಬಲ್ಲದು. ವಿಷಗಾಳಿ ಬಿಡುವ ಫಾಸ್ಫೀನ್ ಗುಳಿಗೆಗೆ ಬಗ್ಗದ ಕೊರಕ, ಹಿಟ್ಟುಹುಳಗಳು ಭಾರತದಲ್ಲಿ ಈಗಾಗಲೇ ಕಂಡಿವೆ, ಮತ್ತು ಜನ ಮಲಗುವ ಮನೆಯಲ್ಲಿ ಆ ಗುಳಿಗೆಯನ್ನು ಬಳಸಲೇಬಾರದು.

ಈ ಮನೆಯಲ್ಲಿ ಮುಂದಿನ ರಾಶಿಗೆ ಬ್ಯಾರೆಲ್ಲನ್ನು ಶೆಡ್ಡಿನಿಂದ ಪಡಸಾಲೆಯ ತಂಪಿಗೆ ತಂದರು. ತುಂಬುವ ಮುಂಚೆ ಕಾಳನ್ನು 2 ಮಿಲಿಮೀಟರ್ ಜರಡಿಯಲ್ಲಿ ಸಾಣಿಸಿ ಒಡಕು, ಪುಡಿ ತೆಗೆದರು. ಒಳಗೆ ಗಾಳಿಯಾಡದ ದಪ್ಪ ಪ್ಲಾಸ್ಟಿಕ್ ಚೀಲವಿಟ್ಟು, ಕಂಠದವರೆಗೆ ತುಂಬಿ, ಬಾಯಿ ತಿರುಚಿ, ಮಡಚಿ, ಎರಡು ಕಡೆ ಕಟ್ಟಿದರು. ಅದನ್ನು ವಾರವಾರ ಬಿಚ್ಚುವ ಹಾಗಿಲ್ಲ. ಆದ್ದರಿಂದ ದಿನದ ರೊಟ್ಟಿಯ ಕಾಳು ಗೋಣಿಚೀಲದಲ್ಲೇ ಉಳಿಯಿತು. ಗೋಡೆಯಿಂದ ಒಂದು ಮೊಳ ದೂರ, ಹಲಗೆಯ ಮೇಲೆ, ವಾರದ ಜರಡಿಯ ಸಮೇತ.